ನೀರು ಕೇಳದ ಹುಲ್ಲಪ್ಪ

ಹಲೋ… ಹಲೋ, ಯಾರು ಮಾತಾಡಾಕತ್ತೀರಿ? ಹುನಗುಂದ ಏನ್ರಿ? ಉಣ್ಣಿ ಬಾಬುಸಾಬರ ಅಂಗಡಿ ಹೌದಿಲ್ಲೋ?

…

ಹಾಂ, ಬಾಬುಸಾಬಣ್ಣಾ, ನಾ ರಾಮವ್ವರಿ. ಮರೋಳದ ಹನಮಂತಪ್ಪನ ಮಗಳು, ಬಾದಾಮಿಗೆ ಕೊಟ್ಟಾಕಿ. ನಮ್ಮಪ್ಪ ಇವತ್ತ ಕುರಿ ಉಣ್ಣಿ ಮಾರಾಕ ಬಂದಾನಲ್ರಿ? ತಮ್ಮನ್ನೂ ಕರಕೊಂಡ ಬಂದಾನ?

…

ಉಣ್ಣಿ ದರ ಆಮ್ಯಾಲ ಹೇಳ್ರಿ ಅಣ್ಣಾರ, ಇದು ಟ್ರಂಕ್ ಕಾಲ್. ಮದ್ಲ ಅಪ್ಪನ ಕೈಯಾಗ ಕೊಡ್ರಿ.

ಬಾದಾಮಿಯ ಅಂಚೆ ಕಚೇರಿಯ ಮೂಲೆಯಲ್ಲಿ, ಕರಿಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ರಾಮವ್ವ ನಿಂತಿದ್ದಳು. ಮುಂಜಾನೆ ಬುಕ್ ಮಾಡಿದ ಕಾಲು ಊಟದ ಹೊತ್ತು ಮೀರಿದ ಮೇಲೆ ಸಿಕ್ಕಿತ್ತು. ಹಿಂದೆ ಸಾಲಿನಲ್ಲಿದ್ದವರು ಮನಿಯಾರ್ಡರು ಕಳಿಸಲು ಬಂದವರೋ ಇವಳ ಮನೆಯ ಸುದ್ದಿ ಕೇಳಲು ಬಂದವರೋ ತಿಳಿಯುವಂತಿರಲಿಲ್ಲ. ಮೆಲ್ಲಗೆ ಆಡಿದ ಮಾತು ಹುನಗುಂದ ಮುಟ್ಟುವುದಿಲ್ಲ. ಒದರಲೇಬೇಕು, ಆದರೆ ಇವಳ ಹೊಟ್ಟೆಯೊಳಗಿದ್ದದ್ದು ಒದರಿ ಹೇಳುವ ಮಾತಲ್ಲ.

…

ಯಪ್ಪಾ? ನಾ ರಾಮಿ. ಹಾಂ, ಎಲ್ಲಾರೂ ಆರಾಮ ಅದೀವಿ. ಹುಡುಗ್ರೂ ಆರಾಮ ಅದಾವ. ಹೇಳೋದು ಕೇಳು. ನಿನ್ನಿ ಬಾಗಲಕೋಟಿಗೆ ಹೋಗಿದ್ದೆ, ಡಾಕ್ಟರ್ ಕಡೆ.

…

ನಂಗೇನೂ ಆಗಿಲ್ಲ. ಹುಲ್ಲ್ಯಾನ ಸಲುವಾಗಿ ಹೋಗಿದ್ದೆ.

…

ದೇವರು ಬಂದಾಂವಗ ಡಾಕ್ಟರ್ ಯಾಕ ಅಂತ ನೀ ಕೇಳ್ತಿ ಅಂತ ನಂಗ ಗೊತ್ತಿತ್ತು. ಬಸ್ಸಿನ್ಯಾಗ ಬರೋಮುಂದನ ಅನಕೊಂಡಿದ್ದೆ.

ಕುರಿಗಳ ಉಣ್ಣೆ ಕತ್ತರಿಸುವ ದಿನ ಶುರುವಾಗಿದ್ದು ಇದು. ಕುರಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದ ತಮ್ಮ ಹುಲ್ಲಪ್ಪ ಇದ್ದಕ್ಕಿದ್ದಂತೆ ಕತ್ತರಿ ನಿಲ್ಲಿಸಿ, ಈ ಕೈ ತನ್ನದಲ್ಲ, ಯಾರೋ ಆಡಿಸುತ್ತಿದ್ದಾರೆ, ಈ ಮಾತೂ ತಾನು ಆಡುತ್ತಿರುವುದಲ್ಲ ಎಂದ. ಬೇರೆಯವರ ಮನೆಯಾಗಿದ್ದರೆ ಬಿಸಿಲು ಬಡಿದಿದೆ ಎಂದು ನೆರಳಿಗೆ ಎಳೆದು ಕೂಡಿಸುತ್ತಿದ್ದರು. ಇದು ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಕಾಕಾ ಕಾಶಪ್ಪನ ಮೈಮೇಲೆ ಬೀರಪ್ಪ ಬಂದು ‘ನಾ ಕಾಶ್ಯಾ ಅಲ್ಲ’ ಎನ್ನುವುದನ್ನು ಕೇಳುತ್ತಲೇ ಅವರೆಲ್ಲ ಬೆಳೆದಿದ್ದರು. ಕಾಶಪ್ಪನಿಗೆ ವಯಸ್ಸಾಗಿತ್ತು, ಅವನ ನಂತರ ಯಾರು ಎಂದು ಮನೆಯವರು ಕಾಯುತ್ತಲೂ ಇದ್ದರು. ಹನಮಂತಪ್ಪ ಓಡಿಹೋಗಿ ದೇವರ ಭಂಡಾರದ ಅರಿಶಿನ ತಂದು ಮಗನ ಹಣೆ ತುಂಬ ಬಳಿದ. ಹೆತ್ತ ತಂದೆ ಮಗನ ಕಾಲಿಗೆ ಬಿದ್ದ.

ಬರುವ ಅಮಾವಾಸ್ಯೆಗೆ ಹುಲ್ಲಪ್ಪನನ್ನು ಹೊಸ ಕಂಬಳಿಯ ಮೇಲೆ ಪೂಜಾರಿಯಾಗಿ ಕೂಡಿಸುವುದೆಂದು ನಿಕ್ಕಿಯಾಗಿತ್ತು. ಒಮ್ಮೆ ಕೂತನೆಂದರೆ ಮುಗಿಯಿತು. ಆಮೇಲೆ ಅವನು ಬೀರಪ್ಪನ ಸೊತ್ತು. ದವಾಖಾನೆ ಒತ್ತಟ್ಟಿಗಿರಲಿ, ಮೈಗೆ ಸೂಜಿ ತಾಗಿಸಲೂ ಊರವರು ಬಿಡುವುದಿಲ್ಲ. ರಾಮವ್ವನಿಗೆ ಇದ್ದದ್ದು ಅಮಾವಾಸ್ಯೆಯವರೆಗಿನ ಹೊತ್ತು, ಮತ್ತು ಈ ಹಾಳು ಫೋನು.

…

ಡಾಕ್ಟರ್ ಏನಂದ್ರು ಅಂದ್ರ, ನಾವು ನಾವ ಅಂತ ನಮಗೆಲ್ಲಾ ಯಾರೂ ಹೇಳದ ಗೊತ್ತಿರತೈತಿ. ಅವಂಗ ಅದ ಸಡ್ಲ ಆಗೇತಿ. ತನ್ನ ತಲ್ಯಾಗಿನ ವಿಚಾರನ ಬ್ಯಾರೆ ಯಾರೋ ತಂದು ಇಟ್ಟಂಗ ಅನಸತೈತಿ ಅವಂಗ. ಕೇಳಾಕತ್ತಿಯಿಲ್ಲೋ?

…

ಹುಚ್ಚ ಅಂತ ಯಾರಂದ್ರು? ನಾ ಅಂದೆನೇನು? ಅವರೂ ಅನ್ನಲಿಲ್ಲ. ಜಡ್ಡು ಅಂದ್ರು. ಗುಳಿಗಿ ಅದಾವ, ತಡಾ ಮಾಡಬ್ಯಾಡ್ರಿ ಅಂದ್ರು.

…

ಮಂದಿಗೇನು ಯಪ್ಪಾ, ಕಳದ ಕುರಿ ಎಲ್ಲೈತಿ ಅಂತ ಕೇಳಾಕ ಒಬ್ಬಾಂವ ಬೇಕು. ಹೌದು, ಹುಲ್ಲ್ಯಾ ಹೇಳಿದ ಮ್ಯಾಲ ಸಿಕ್ಕತು. ಹಳ್ಳದ ದಂಡಿಗೆ ಸಿಕ್ಕತು. ಕುರಿ ಮತ್ತೆಲ್ಲೆ ಹೋಗ್ತಾವ, ಸಿನಿಮಾಕ್ಕ ಹೋಗ್ತಾವೇನು?

ಸಾಲಿನಲ್ಲಿ ಯಾರೋ ನಕ್ಕರು. ರಾಮವ್ವ ತಿರುಗಿ ನೋಡಿದ ನೋಟಕ್ಕೆ ಆ ನಗೆ ಅಲ್ಲೇ ನಿಂತಿತು. ಹೋದ ವಾರ ತವರಿಗೆ ಹೋದಾಗ ಅವಳು ಕಂಡದ್ದನ್ನು ಇವರ್‍ಯಾರೂ ಕಂಡಿರಲಿಲ್ಲ. ತಾಟಿನ ಮುಂದೆ ಕೂತ ಹುಲ್ಲಪ್ಪ ಎಡಗೈಯಿಂದ ತನ್ನ ಬಲಗೈ ಹಿಡಿದುಕೊಂಡು, ಅದು ಯಾರದೋ ಎಂಬಂತೆ ರೊಟ್ಟಿಯ ಕಡೆ ಒಯ್ಯುತ್ತಿದ್ದ. ಅಕ್ಕ ಮನಸ್ಸಿನಲ್ಲಿ ಅಂದುಕೊಂಡದ್ದು ತನ್ನ ತಲೆಯೊಳಗೆ ಹೇಗೆ ಬಂತೆಂದು ಮೆಲ್ಲಗೆ ಕೇಳಿದ್ದ. ಹೊರಗೆ ಪಡಸಾಲೆಯಲ್ಲಿ ಹೇಳಿಕೆ ಕೇಳುವವರು ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರು. ಅವಳಿಗೆ ಆ ಕಾಯಿಗಳನ್ನೆಲ್ಲ ಒಯ್ದು ತಿಪ್ಪೆಗೆ ಚೆಲ್ಲಬೇಕೆನಿಸಿತ್ತು.

…

ಏನಂದಿ? ಕಂಬಳಿ ಆರಿಸಾಕತ್ತೀರಿ? ಅಲ್ಲೇ, ಬಾಬುಸಾಬನ ಅಂಗಡ್ಯಾಗ?

…

ಹಲೋ, ಯಾರ್ರಿ ನಡುವ? ಎಕ್ಸ್‌ಚೇಂಜ್ ಮೇಡಂ ಏನ್ರಿ? ಇಲ್ರೀ, ಮಾತು ಮುಗದಿಲ್ಲ. ಹಾಕ್ರಿ, ಇನ್ನೊಂದು ಕಾಲಿನ ರೊಕ್ಕ ಹಾಕ್ರಿ. ಕಡೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.

…

ಯಪ್ಪಾ, ಇದ್ದಿಯಿಲ್ಲೋ? ಡಾಕ್ಟರ್ ಮಾತು ಬಿಟ್ಟಬಿಡು. ಕಾಶಪ್ಪ ಕಾಕಾಂದು ಹೇಳು ನಂಗ. ಮೈಮ್ಯಾಲಿನ ದೇವರು ಇಳದ ಕೂಡ್ಲೆ ಕಾಕಾ ಏನು ಕೇಳ್ತಾನ?

…

ಗೊತ್ತೈತಿ ನಿಂಗ. ಬಾಯಿ ಬಿಟ್ಟು ಹೇಳು.

…

ಹಾಂ, ನೀರು. ತಂಬಿಗಿ ನೀರು ಗಟಗಟ ಕುಡದು, ನಾ ಏನಂದೆ ಅಂತ ಕೇಳಿ, ಹೇಂತಿನ್ನ ಕರದು ರೊಟ್ಟಿಗೆ ಕುಂದ್ರತಾನ. ನಾ ಸಣ್ಣಾಕಿ ಇದ್ದಾಗಿಂದ ಹಂಗ ಅಲ್ಲೇನು? ಹುಲ್ಲ್ಯಾ ಒಮ್ಮೆರ ನೀರು ಕೇಳ್ಯಾನೇನು? ನಾ ಏನಂದೆ ಅಂತ ಕೇಳ್ಯಾನೇನು?

…

ಬಂದ ದೇವರು ಇಳೀಬೇಕಲ್ಲೋ ಯಪ್ಪಾ. ಬೀರಪ್ಪ ಬಂದು, ಮಾತು ಹೇಳಿ, ಮನಿಶ್ಯಾನ್ನ ಮನಿಗೆ ತಿರುಗಿ ಕೊಟ್ಟು ಹೋಗಾಂವ. ನಿನ್ನ ಮಗನ್ನ ಯಾರು ತಿರುಗಿ ಕೊಟ್ಟಾರ ಹೇಳು.

…

ಯಪ್ಪಾ?

ತಂತಿಯೊಳಗೆ ಬರೀ ಗರಗರ ಸದ್ದು. ಅಪ್ಪ ಸಿಟ್ಟಿಗೆದ್ದು ಹೊರಟುಹೋದನೇನೋ ಎಂದು ರಾಮವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅಷ್ಟರಲ್ಲಿ ಫೋನು ಕೈ ಬದಲಾಯಿಸಿದ ಸದ್ದಾಯಿತು, ಯಾರೋ ಉಸಿರಾಡುವುದು ಕೇಳಿಸಿತು.

…

ಹಲೋ, ಯಾರು? ಹುಲ್ಲ್ಯಾ? ಹೆದರಬ್ಯಾಡೋ ತಮ್ಮಾ. ನಿನ್ನ ತಲ್ಯಾಗಿನ ದನಿ ಅಲ್ಲ ಇದು, ಫೋನು. ನಾ ಇಲ್ಲೆ ಬಾದಾಮ್ಯಾಗ ನಿಂತು ಮಾತಾಡಾಕತ್ತೇನಿ, ನಿನ್ನ ಅಕ್ಕ.

…

‘ನಾನು’ ಅನ್ನಾಕ ಬಾಯಿ ಬರವಲ್ತಾ? ಬರದಿದ್ರ ಬಿಡು. ಬರೋತನಕ ನಾ ಅಂತೇನಿ ನಿನ್ನ ಪರವಾಗಿ. ನೀ ಹುಲ್ಲಪ್ಪ, ನನ್ನ ಬೆನ್ನಿಗೆ ಬಿದ್ದ ತಮ್ಮ. ನೀ ದೇವರಲ್ಲ.

…

ಏನಂದಿ? ಇನ್ನೊಮ್ಮೆ ಅನ್ನು.

…

ನೀರಡಿಕಿ ಆಗೇತಿ, ಆದ್ರ ಅದು ಯಾರಿಗೆ ಆಗೇತೋ ತಿಳೀವಲ್ದು?

ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಅಳುವುದಕ್ಕೆ ಇದು ಹೊತ್ತಲ್ಲವೆಂದು ರಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ನಿಂಗ ಆಗೇತೋ. ನಿಂದ ಅದು, ಬ್ಯಾರೆ ಯಾರ್ದೂ ಅಲ್ಲ. ಅಪ್ಪನ ಮುಂದ ಹೇಳು ಹೋಗು, ಈಗ ನಂಗ ಅಂದೆಲ್ಲ, ಹಂಗ ಹೇಳು. ಫೋನು ಅವನ ಕೈಯಾಗ ಕೊಡು.

…

ಯಪ್ಪಾ, ಕೇಳಿದಿಯಿಲ್ಲೋ ಅವ ಅಂದದ್ದು? ನೀರು ಕೊಡು ಅವಂಗ. ನೀನ ಕುಡಿಸು.

…

ಕುಡದ್ನಾ? ಪೂರಾ ತಂಬಿಗಿ?

…

ಅಳಬ್ಯಾಡ ಯಪ್ಪಾ. ಕಂಬಳಿ ಬಾಬುಸಾಬಣ್ಣನ ಹತ್ರನ ಇರಲಿ. ಬೀರಪ್ಪ ಏನೂ ಸಿಟ್ಟಾಗಂಗಿಲ್ಲ, ನಾ ಹರಕಿ ಹೊರತೇನಿ.

…

ಹಾಂ? ಬಾಗಲಕೋಟಿಗೆ ಯಾವ ಬಸ್ಸಂತ ಕೇಳಿದ್ಯಾ? ಖರೇನ ಬಸ್ಸು ಕೇಳಿದ್ಯೋ ಯಪ್ಪಾ? ನಾಳೆ ಮುಂಜಾನೆ, ಹುನಗುಂದದಿಂದ… ಹಲೋ? ಹಲೋ, ಯಪ್ಪಾ? ಮೇಡಂ, ಹಾಕ್ರಿ ಅಂದಿದ್ನೆಲ್ರಿ… ಹಲೋ…

ಲೈನು ಕಡಿದಿತ್ತು. ರಾಮವ್ವ ಆ ಸತ್ತ ಫೋನಿಗೇ ಬಸ್ಸಿನ ಹೊತ್ತು ಹೇಳಿದಳು, ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ತಾನು ಕಾಯುತ್ತಿರುತ್ತೇನೆಂದೂ ಹೇಳಿದಳು, ದಾರಿಯಲ್ಲಿ ಅವನಿಗೆ ನೀರು ಕೊಡುತ್ತಾ ಇರು ಎಂದು ಒದರಿ, ಆಮೇಲೆ ಕೆಳಗಿಟ್ಟಳು.