ಕಾಗದದ ಮೇಲಿನ ಹಸೆ

ಭದ್ರಾವತಿ ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿ ಮಗಳ ಮಾತಿಗೆ ಅಖ್ತರ್ ಬೀ ಕಿವಿಗೊಟ್ಟಿದ್ದಳು. ಮಗಳ ತೊಡೆಯ ಮೇಲೆ ಬಿಳಿ ಕಾಗದದ ದೊಡ್ಡ ಸುರುಳಿಯಿತ್ತು.

"ನನ್ನ ಮದುವೇಲಿ ಬಾಗಿಲು, ಚಪ್ಪರ, ಹಸೆಮಣೆ ಹಿಂದೆ, ಎಲ್ಲಾ ಕಡೆ ಒಂದೇ ಥರದ ಹಸೆ ಚಿತ್ತಾರ ಇರ್ಬೇಕು. ನೀನೇ ಬರೀಬೇಕವ್ವಾ."

"ಗಂಡ ಸತ್ತೋಳು ಮದುವೆಮನೆ ಗೋಡೆಗೆ ಹಸೆ ಬರೀಬಾರ್ದು ಮಾರಾಯ್ತಿ."

"ಗೋಡೆಗೆ ತಾನೇ? ಅದಕ್ಕೇ ಕಾಗದ ತಂದಿದ್ದು. ಕಾಗದದ ಮೇಲೆ ಬರೀಬಾರ್ದು ಅಂತ ಯಾರಾದ್ರೂ ಹೇಳಿದಾರಾ?"

"ಕಾಗದದ ಮೇಲೆ ಹಸೆ ಬರೆದೋರೇ ಇಲ್ಲ, ಇನ್ನು ಹೇಳೋರೆಲ್ಲಿ?"

"ಮತ್ತೆ!"

ತಾಯಿ ಕಿಟಕಿಯತ್ತ ಮುಖ ತಿರುಗಿಸಿದಳು. ಭದ್ರಾವತಿ ಬಂತು. ಇಳಿಯುವಾಗ ಅವಳು ಮಗಳ ಕೈಯಿಂದ ಸುರುಳಿಯನ್ನು ಕಿತ್ತುಕೊಂಡು ಎದೆಗವಚಿಕೊಂಡಳು.

"ಬಣ್ಣಕ್ಕೆ ಕೆಮ್ಮಣ್ಣು ನೀನು ಅರೆ. ಗೆರೆಗೆ ಮಾತ್ರ ಕೈ ಹಾಕ್ಬೇಡ, ಸೊಟ್ಟ ಮಾಡ್ತೀಯ" ಎಂದದ್ದು ಅಖ್ತರ್ ಬೀಗೆ ಕೇಳಿಸಿತು.