ಎರಡು ಝಂಡಾ, ಒಂದು ಕೋಲು

ಬೀದರಿನ ಆಸ್ಪತ್ರೆಯೊಂದರ ಐಸಿಯುವಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಭಾಲ್ಕಿಯ ಮಾವ-ಸೊಸೆ ಕೂತಿದ್ದರು. ಪಕ್ಷದ ಶಾಲನ್ನು ಮಾವ ಇಲ್ಲೂ ಹೆಗಲಿನಿಂದ ತೆಗೆದಿರಲಿಲ್ಲ.

“ಸುಮನ, ನಮ್ಮ ಪಾರ್ಟಿ ಸಾಹೇಬ್ರು ಫೋನ್ ಮಾಡಿದ್ರು. ತುಷಾರನ ಮ್ಯಾಲಿನ ಕೇಸ್ ವಾಪಸ್ ತಗೋಬೇಕಂತ.”

“ಯಾಕ್ರಿ ಮಾವ? ನಿಮ್ಮ ಮಗ ಕೈಲಾಶನ ತಲಿ ಒಡದಾನವ.”

“ಅದು ಎಲೆಕ್ಷನ್‌ದಾಗಿನ ಮಾತು. ಈಗ ದಿಲ್ಲಿಯಾಗ ಅವರ ಪಾರ್ಟಿ, ನಮ್ಮ ಪಾರ್ಟಿ ಕೂಡಿ ಸರ್ಕಾರ ಮಾಡ್ಯಾವ. ನಮಗೂ ಎರಡು ಮಂತ್ರಿಗಿರಿ ಸಿಕ್ಕಾವ.”

“ಝಂಡಾದ ಕೋಲಿನಿಂದ ಹೊಡದಾನ್ರಿ. ಕೆಳಗ ಬಿದ್ದ ಮ್ಯಾಲೂ ಬಿಡಲಿಲ್ಲ. ಕಿವಿಯಾಗಿಂದ ರಕ್ತ ಬರ್ತಿತ್ತು.”

“ನಾ ಏನ್ ನೋಡಿಲ್ಲೇನು? ಆದ್ರ ಇವತ್ತು ಭಾಲ್ಕಿಯಾಗ ಎರಡೂ ಪಾರ್ಟಿದು ಕೂಡಿ ಮೆರವಣಿಗಿ ಅದ. ಎರಡೂ ಝಂಡಾ ಒಂದೇ ಕೋಲಿಗಿ ಕಟ್ತಾರ. ನಾನೂ ತುಷಾರನೂ ಕೂಡಿ ಹಿಡಿಬೇಕಂತ.”

ಒಳಗಿಂದ ನರ್ಸ್ ಕೈಲಾಶನ ಕಡೆಯವರನ್ನು ಕರೆದಳು. ಸೊಸೆ ಎದ್ದಳು.

“ಹಂಗಾದ್ರ ಅದೇ ಕೋಲು ತಗೋರಿ ಮಾವ. ರಕ್ತ ತೊಳಿಬ್ಯಾಡ್ರಿ.”

ಅವಳು ಒಳಗೆ ಹೋದಳು. ಮುದುಕನ ಫೋನು ಹೊಡೆದುಕೊಂಡಿತು.

“ಹೌದ್ರಿ ಸಾಹೇಬ್ರ, ಹೊಂಟೀನ್ರಿ,” ಎನ್ನುತ್ತ ಶಾಲು ಸರಿಮಾಡಿಕೊಂಡು ಗೇಟಿನ ಕಡೆ ನಡೆದ.