ದೂಮಪ್ಪನಿಗೆ ಮುಚ್ಚಿದ ಬಾಗಿಲು

ಇದು ಎರ್ಮಾಳಿನಲ್ಲಿ ನಡೆದದ್ದು, ಎಂಬತ್ತಮೂರನೇ ಇಸವಿಯಲ್ಲಿ. ನಂಬದವರು ಈಗಲೇ ಹೋಗಿ ಮಲಗಬಹುದು.

ಉಡುಪಿಯ ಕೊನೆಯ ಬಸ್ಸಿಳಿದು ಕರುಣಾಕರ ಮನೆಗೆ ಹೊರಟಿದ್ದ. ಜೊತೆಗೆ ನೆರೆಮನೆಯ ರೊಸಾರಿಯೊ. ಅಂದು ಕರುಣಾಕರನ ಅಣ್ಣ ದೂಮಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆ. ಸತ್ತವನನ್ನು ಮನೆಯೊಳಗೆ ಕರೆದು ಬಡಿಸಬೇಕು. ತಮ್ಮನಿಲ್ಲದೆ ಆ ಶಾಸ್ತ್ರ ಆಗುವ ಹಾಗಿರಲಿಲ್ಲ.

ಹಾಳುಬಾವಿಯ ಹತ್ತಿರ ಬಂದಾಗ... ಢಣ್. ಢಣ್. ಕಲ್ಲು ಕಟ್ಟಿದ ಬಾವಿಯೊಳಗಿಂದ, ಕಬ್ಬಿಣಕ್ಕೆ ಮುಷ್ಟಿಯಿಂದ ಗುದ್ದಿದ ಸದ್ದು.

"ಎಂತದು ಮಾರಾಯ ಅದು?" ರೊಸಾರಿಯೊ ಪಿಸುಗುಟ್ಟಿದ.

"ಎಂತದೂ ಇಲ್ಲ. ನಡಿ."

ಆ ಸದ್ದು ಕರುಣಾಕರನಿಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣ ತಮ್ಮ ಇಬ್ಬರೂ ದೂರದ ಒಂದು ಸರಕಾರಿ ಕಾರ್ಖಾನೆಯಲ್ಲಿ ಕೂಲಿಗಿದ್ದರು. ಅಣು ಕರೆಂಟಿಗೆ ಉರಿದು ಮುಗಿದ ಸರಳುಗಳನ್ನು ತುಂಡರಿಸಿ, ಆಸಿಡ್‌ನಲ್ಲಿ ಕರಗಿಸಿ, ಮತ್ತೆ ಇಂಧನ ತೆಗೆಯುವ ಜಾಗ. ಕೂಲಿಯವರ ಅಂಗಿಗೆ ಅಲ್ಲಿ ಫಿಲ್ಮಿನ ಬಿಲ್ಲೆ ಸಿಕ್ಕಿಸುತ್ತಿದ್ದರು, ವಿಕಿರಣ ತಾಗಿದರೆ ಅದು ಕಪ್ಪಾಗುತ್ತಿತ್ತು. ಪರದೇಶದವರು ಕೊಡದಿದ್ದರೆ ಬೇಡ, ಹಿಂಡಿದ ಕಾಯಿಯನ್ನೇ ಮತ್ತೆ ಹಿಂಡುವ ಎಂಬುದು ಸರಕಾರದ ನೀತಿ. ಒಳಗಿನ ಮಾತು ಹೊರಗೆ ಬರಬಾರದು ಎಂಬುದೂ ನೀತಿಯೇ. ಒಂದು ದಿನ ಪೈಪು ಒಡೆದು ಬಿಸಿ ಆಸಿಡ್ ದೂಮಪ್ಪನ ಮುಖಕ್ಕೆ ಹೊಡೆಯಿತು. ವಿಷ ಹೊರಗೆ ಬರಬಾರದು, ಕಬ್ಬಿಣದ ಬಾಗಿಲು ಹಾಕು ಎಂದು ಸಾಹೇಬರು ಕೂಗಿದರು. ಹಾಕಿದವನು ಕರುಣಾಕರ. ಒಳಗಿಂದ ಅಣ್ಣ ಗುದ್ದುತ್ತಲೇ ಇದ್ದ. ಇವನು ಹೆಗಲು ಕೊಟ್ಟು ನಿಂತ, ಸದ್ದು ನಿಲ್ಲುವ ತನಕ. ಹೆಣವನ್ನೂ ಕೊಡಲಿಲ್ಲ. ಸಮುದ್ರಕ್ಕೆ ಬಿದ್ದ ಎಂದು ಮನೆಯಲ್ಲಿ ಹೇಳಲು ಕಲಿಸಿದರು. ಇವನು ಹೇಳಿದ. ಬಾಗಿಲು ಹಾಕಿದ್ದನ್ನಾದರೂ ನಾನು ಕ್ಷಮಿಸಿಯೇನು, ಹೆತ್ತವಳಿಗೆ ಹೇಳಿದ ಆ ಸುಳ್ಳನ್ನಲ್ಲ.

ಅವನು ಮನೆ ಮುಟ್ಟಿದ ಮೇಲೆ ತಾಯಿ ಅಕ್ಕು ಒಳಕೋಣೆಯಲ್ಲಿ ಬಾಳೆಲೆ ಹಾಕಿ ಅನ್ನ, ಕೋಳಿಸಾರು, ಒಂದು ತೆಂಗಿನ ಗೆರಟೆ ಕಳ್ಳು ಇಟ್ಟಳು. ಕಡಲಿಗೆ ಮುಖ ಮಾಡಿ, "ಬಾ ಮಗಾ, ಒಳಗೆ ಬಾ" ಎಂದು ಕರೆದಳು. ಸತ್ತವನು ಉಣ್ಣುವುದನ್ನು ಯಾರೂ ನೋಡಬಾರದು. ಆ ಮನೆಯ ಕ್ರಮದಂತೆ ಕೋಣೆಯ ಬಾಗಿಲನ್ನು ತಮ್ಮನೇ ಮುಚ್ಚಬೇಕು. ಕರುಣಾಕರ ಮುಚ್ಚಿದ.

ಸ್ವಲ್ಪ ಹೊತ್ತು ಎಂತದೂ ಇಲ್ಲ... ಆಮೇಲೆ ಚರ್ರ್ ಎಂದು ಎಲೆ ಹರಿಯಿತು. ಗೆರಟೆ ಗರಗರ ಉರುಳಿತು. ಮತ್ತೆ... ಢಣ್.

ಹಲಸಿನ ಮರದ ಬಾಗಿಲು ಕಬ್ಬಿಣದ ಹಾಗೆ ಬಡಿದುಕೊಂಡಿತು. ಯಾರೂ ಹೇಳದೆಯೇ ಕರುಣಾಕರ ಹೆಗಲು ಕೊಟ್ಟ. ಹಲಗೆ ಸೀಳಿ ಅವನ ಕಿವಿ ಹರಿಯಿತು. ರಕ್ತ ಹೊಸ್ತಿಲಿಗೆ ಇಳಿಯಿತು. ಹೆಗಲಿನ ಮೂಳೆ ಲಟಕ್ ಎಂದಿತು. ಆದರೂ ಅವನು ಬಿಡಲಿಲ್ಲ.

"ತೆಗೆ ಮಗಾ," ಎಂದಳು ಅಕ್ಕು ಮೆಲ್ಲಗೆ. "ಅಣ್ಣ ಹೊರಗೆ ಬರಲಿ."

"ಆಗುವುದಿಲ್ಲ ಅಮ್ಮ. ಬಂದರೆ ನನ್ನನ್ನು ಬಿಡುವುದಿಲ್ಲ."

"ನಿನ್ನನ್ನು ಯಾಕೆ?"

"ಅಲ್ಲಿಯೂ ಬಾಗಿಲು ಹಾಕಿದ್ದು ನಾನೇ... ಅಣ್ಣ ಸಮುದ್ರಕ್ಕೆ ಬೀಳಲಿಲ್ಲ."

ಗುದ್ದು ನಿಂತಿತು. ಅಕ್ಕು ಮಗನ ಮುಖವನ್ನೇ ನೋಡಿದಳು. ಆಮೇಲೆ ಮೂಲೆಯ ಒನಕೆ ಎತ್ತಿಕೊಂಡು ಆ ಮುರಿದ ಹೆಗಲಿಗೇ ಹೊಡೆದಳು, ಕೈ ಸೋಲುವ ತನಕ. ಅವನು ಬಿದ್ದ ಮೇಲೆ ಅವನನ್ನು ದಾಟಿ ಬಾಗಿಲು ತೆರೆದಳು. ಒಳಗೆ ಯಾರೂ ಇರಲಿಲ್ಲ. ಎಲೆಯ ಚೂರುಗಳಲ್ಲಿ ಒಂದು ಅಗುಳೂ ಇರಲಿಲ್ಲ.

ಬೆಳಗ್ಗೆ ರೊಸಾರಿಯೊ ಅವನನ್ನು ಆಸ್ಪತ್ರೆಗೆ ಒಯ್ದ. ಎಕ್ಸ್‌ರೇ ತೆಗೆಯುವ ಒಲಿಂಡಾ ಬಾಯಿ ಫಿಲ್ಮು ತೊಳೆದರೆ ಪೂರ್ತಿ ಕಪ್ಪು. ಇನ್ನೊಂದು ತೆಗೆದರು, ಅದೂ ಕಪ್ಪು. ಮಿಶಿನು ಹಾಳಾಯಿತೋ ಎಂದು, ಮಿಶಿನಿಗೆ ಹಾಕದೆ, ಹೊಸ ಪೊಟ್ಟಣ ಒಡೆದು ಒಂದನ್ನು ಹಾಗೆಯೇ ತೊಳೆದರು.

ಅದೂ ಕಪ್ಪೇ. ಒಲಿಂಡಾ ಬಾಯಿ ಈಗಲೂ ಇದ್ದಾರೆ, ಬೇಕಾದರೆ ಕೇಳಿ.